ಹಂಚಿಹೋದ ನೀಲಿ ಮಣಿಗಳು

ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ನೋಡಿಕೊಳ್ಳುವುದು ಬಲಗೈ ಹೆಬ್ಬೆರಳು ಮಡಿಸಲು ಬರುತ್ತದೋ ಇಲ್ಲವೋ ಅಂತ. ಹದಿಮೂರು ವರ್ಷದಿಂದ ಸಣ್ಣ ಇಕ್ಕಳ ಹಿಡಿದು ತಂತಿ ಬಗ್ಗಿಸಿದ ಬೆರಳು ಅದು. ಕೆಲವು ದಿನ ಬರುತ್ತದೆ, ಕೆಲವು ದಿನ ಬಿಸಿನೀರಿಗೆ ಉಪ್ಪು ಹಾಕಿ ಕಾಲುಗಂಟೆ ಅದ್ದಿಕೊಂಡು ಕೂತ ಮೇಲೆ ಬರುತ್ತದೆ. ಹಾಗೆ ಕೂತಾಗೆಲ್ಲ ನಮ್ಮಕ್ಕ ಅಡುಗೆಮನೆಯಿಂದಲೇ, "ಬೆರಳಿಗೆ ಅಭಿಷೇಕ ಆಯ್ತೇನೆ?" ಅಂತ ಕೇಳುತ್ತಾಳೆ.

ಹನುಮಂತನಗರದಲ್ಲಿ, ಒಂದು ಹಳೇ ಮನೆಯ ಮೊದಲನೇ ಮಹಡಿಯಲ್ಲಿ ನಾವಿಬ್ಬರೂ ಬಾಡಿಗೆಗೆ ಇದ್ದೇವೆ. ಅಕ್ಕ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ನಾನು ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಸ್ಯಾಂಪಲ್ ವಿಭಾಗದಲ್ಲಿದ್ದೆ. ಕಂಪನಿ ಮುಚ್ಚಿದ ಮೇಲೆ ಕೈಗೆ ಬಂದ ಕೆಲಸ ಇದು: ಹಳೇ ಮಣಿ, ಹಳೇ ಗುಂಡಿ, ಮುರಿದ ಕೈಗಡಿಯಾರದ ಚಕ್ರ, ಯಾರದೋ ಸೀರೆಯ ಪಿನ್ನು, ಇಂಥವನ್ನು ಹುಡುಕಿ ತಂದು ಓಲೆ, ಸರ ಮಾಡಿ ಮಾರುವುದು. ನಮ್ಮ ಊಟದ ಮೇಜು ಊಟಕ್ಕೆ ಸಿಕ್ಕಿ ಎಷ್ಟೋ ವರ್ಷವಾಯಿತು. ಅಕ್ಕ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಣ್ಣುತ್ತಾಳೆ. ಒಮ್ಮೊಮ್ಮೆ ಸಾರಿನಲ್ಲಿ ಮಣಿ ಸಿಗುತ್ತದೆ. ಮೊದಲೆಲ್ಲ ಬೈಯುತ್ತಿದ್ದಳು, ಈಗ ತೊಳೆದು ವಾಪಸು ಡಬ್ಬಿಗೆ ಹಾಕುತ್ತಾಳೆ.

ಹಳೇ ಮಣಿಯ ಮೇಲೆ ಯಾಕಿಷ್ಟು ಮೋಹ ಅಂತ ಕೇಳುವವರಿದ್ದಾರೆ. ಗಾಜಿನ ಮಣಿಯನ್ನು ದಾರ ಸವೆಸುತ್ತದೆ. ಮೆತ್ತಗಿನ ನೂಲು, ಗಟ್ಟಿ ಗಾಜು, ಆದರೂ ವರ್ಷಗಟ್ಟಲೆ ಉಜ್ಜಿ ಉಜ್ಜಿ ತೂತಿನ ಅಂಚು ನುಣುಪಾಗುತ್ತದೆ. ಉಗುರಿನಿಂದ ಮುಟ್ಟಿದರೆ ಗೊತ್ತಾಗುತ್ತದೆ. ಮೊದಮೊದಲು ಅಂಥ ಮಣಿ ಸಿಕ್ಕಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಈಗ ಸೇರುತ್ತದೆ. ಮೋಹ ಹೋಗಿಲ್ಲ, ಮೈ ಸೋತಿದೆ ಅಷ್ಟೆ. ಫೋಟೋ ತೆಗೆಯಬೇಕು, ಬೆಳಕು ಸರಿಯಿಲ್ಲ ಅಂತ ಮತ್ತೆ ತೆಗೆಯಬೇಕು, "ಪ್ರೈಸ್ ಪ್ಲೀಸ್" ಅಂದವರಿಗೆಲ್ಲ ಉತ್ತರ ಕೊಡಬೇಕು, ಭಾನುವಾರ ಜಯನಗರದ ಪ್ರದರ್ಶನದಲ್ಲಿ ಬೆಳಗಿನಿಂದ ಸಂಜೆತನಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಗುಮುಖ ಇಟ್ಟುಕೊಂಡು ಕೂರಬೇಕು. ಮನೆಗೆ ಬಂದ ಮೇಲೆ ಆ ನಗುವನ್ನು ಮುಖದಿಂದ ಇಳಿಸುವುದೇ ಒಂದು ಕೆಲಸ.

ಆ ಪ್ರದರ್ಶನಗಳಿಂದಲೇ ನನಗೆ ಕಾರ್ಡಿನ ಚಟ ಹತ್ತಿದ್ದು. ಒಮ್ಮೆ ಒಬ್ಬಾಕೆ ಒಂದು ಹವಳದ ಓಲೆ ಹಿಡಿದು, "ಇದರ ಹಿಸ್ಟರಿ ಏನು?" ಅಂದಳು. ನನಗೇನು ಗೊತ್ತು? ಗುಜರಿಯಿಂದ ಬಂದದ್ದು. ಆದರೆ ಬಾಯಿಂದ, "ಶಿವಮೊಗ್ಗ ಕಡೆಯ ಒಬ್ಬ ಟೀಚರಮ್ಮನದು" ಅಂತ ಬಂತು. ಅವಳ ಮುಖ ಅರಳಿತು, ತಕ್ಷಣ ತೆಗೆದುಕೊಂಡಳು. ಅವತ್ತಿನಿಂದ ಪ್ರತಿ ಆಭರಣಕ್ಕೂ ಒಂದು ಸಣ್ಣ ಕಾರ್ಡು, ಅದರಲ್ಲಿ ಎರಡು ಸಾಲಿನ ಕಥೆ. ಕಥೆ ಇದ್ದದ್ದು ಬೇಗ ಹೋಗುತ್ತಿತ್ತು. ಇದು ಸುಳ್ಳು ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ. ಯಾರೋ ಒಬ್ಬರು ಹಾಕಿಕೊಂಡಿದ್ದಂತೂ ನಿಜ ತಾನೆ, ಆ ಯಾರೋ ಯಾರು ಅನ್ನುವುದನ್ನು ನಾನು ತುಂಬುತ್ತಿದ್ದೆ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಬನಶಂಕರಿಯ ಗುಜರಿ ಅಂಗಡಿಯವರು ಫೋನ್ ಮಾಡಿದರು. ಹಳೇ ಮನೆ ಕೆಡವುವ ಕಡೆಯಿಂದ ಸಾಮಾನು ಎತ್ತುವವರು ಅವರು. ಹಿತ್ತಾಳೆ ಒಂದು ಕಡೆ, ಕಬ್ಬಿಣ ಒಂದು ಕಡೆ, ನನಗಾಗುವಂಥದ್ದು ಒಂದು ಬಿಸ್ಕತ್ ಡಬ್ಬಿಯಲ್ಲಿ ಎತ್ತಿಡುತ್ತಾರೆ. "ಮೇಡಂ, ನೀಲಿ ಮಣಿ ಬಂದಿದೆ. ನೀವು ನೋಡಿದ್ರೆ ಬಿಡಲ್ಲ" ಅಂದರು. ಹೋಗಿ ನೋಡಿದೆ, ಬಿಡಲಿಲ್ಲ.

ದಪ್ಪ ಮಣಿಗಳು, ನೆಲ್ಲಿಕಾಯಿಗಿಂತ ಒಂಚೂರು ಸಣ್ಣವು. ಒಂದರಂತೆ ಒಂದಿಲ್ಲ. ಬೆಳಗಿನ ಆಕಾಶಕ್ಕೂ ಮೈಲುತುತ್ತದ ಬಣ್ಣಕ್ಕೂ ನಡುವಿನ ನೀಲಿ, ಒಳಗೆ ಅಲ್ಲಲ್ಲಿ ಗಾಳಿಗುಳ್ಳೆ. ಎಣ್ಣೆ ಹಿಡಿದು ಕಪ್ಪಗಾದ ಹಗ್ಗದಂಥ ಹುರಿಯಲ್ಲಿ ಪೋಣಿಸಿತ್ತು. ತೂತು ಎಷ್ಟು ಅಗಲವೆಂದರೆ ನನ್ನ ಕಿರುಬೆರಳ ತುದಿ ಹೋಗುತ್ತಿತ್ತು. ಇಷ್ಟು ಸವೆಯಬೇಕಾದರೆ ಮೂರು ತಲೆಮಾರಾದರೂ ಹಾಕಿಕೊಂಡಿರಬೇಕು ಅಂದುಕೊಂಡೆ. ಒಂದು ವಾಸನೆಯೂ ಇತ್ತು. ಹಳೇ ತಲೆಗೆಣ್ಣೆ ಇರಬೇಕು ಅಂದುಕೊಂಡು ಅಂಟುವಾಳದ ನೀರಿನಲ್ಲಿ ಎರಡು ಸಲ ತೊಳೆದೆ. ಹುರಿಯನ್ನು ಬಿಸಾಡಿದೆ.

ನಲವತ್ತು ಮಣಿ ಇದ್ದವು. ಒಂದೊಂದು ಮಣಿ ಇಳಿಬಿಟ್ಟು ಎಂಟು ಜೊತೆ ಓಲೆ ಮಾಡಿದೆ. ಹದಿನೈದು ಸೇರಿಸಿ ಒಂದು ಉದ್ದ ಸರ ಮಾಡಿದೆ. ಒಂಬತ್ತು ಉಳಿದವು. ಕಾರ್ಡಿನಲ್ಲಿ ಹೀಗೆ ಬರೆದೆ: "ಅಜ್ಜಿಯೊಬ್ಬರು ತಮ್ಮ ಮದುವೆಯ ದಿನ ತೊಟ್ಟು, ಜೀವಮಾನವಿಡೀ ಕಾಪಾಡಿಕೊಂಡು ಬಂದ ಮಣಿಗಳು." ಎರಡೇ ವಾರದಲ್ಲಿ ಸರವೂ ಹೋಯಿತು, ಆರು ಜೊತೆ ಓಲೆಯೂ ಹೋದವು. ಇನ್ನೆರಡು ಜೊತೆ ಜೆ.ಪಿ. ನಗರದ ಒಂದು ಬಟ್ಟೆ ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟಿದ್ದೆ.

ಒಂದು ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕ ತೆಗೆದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಒಬ್ಬ ಅಜ್ಜಿ ನಿಂತಿದ್ದರು. ಎಪ್ಪತ್ತೈದರ ಮೇಲಿರಬಹುದು. ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಒಂದು ಚೀಟಿ. ಚೀಟಿಯಲ್ಲಿ ಗುಜರಿಯವರ ಕೈಬರಹದಲ್ಲಿ ನಮ್ಮ ವಿಳಾಸ.

"ಮಣಿ ತಗೊಂಡೋಳು ನೀನೇನವ್ವ?" ಅಂದರು ಅಕ್ಕನನ್ನು ನೋಡಿ.

ಅಕ್ಕ ಬೆರಳು ತೋರಿಸಿದಳು, ನನ್ನ ಕಡೆಗೆ.

ಒಳಗೆ ಕರೆದು ಕೂರಿಸಿದೆವು. ನೀರು ಕುಡಿದರು. ಅವರು ಗೊಟ್ಟಿಗೆರೆಯವರು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. "ಬಸ್ಸೇನೋ ಪುಕ್ಕಟೆ, ಆದ್ರೆ ಕೂರಕ್ಕೆ ಜಾಗಿಲ್ಲ ಕಣವ್ವ. ಆ ಮೆಟ್ರೋ ಕಂಬಗಳ ಸಂದೀಲಿ ಗಂಟೆಗಟ್ಲೆ ನಿಂತೈತೆ" ಅಂದರು. ಆಮೇಲೆ ನಿಧಾನವಾಗಿ ವಿಷಯ ಬಂತು. ಅವರ ಹಳೇ ಮನೆಯ ಮುಂದಿನ ಅರ್ಧ ಕೆಡವಿ, ಹುಡುಗರಿಗೆ ಬಾಡಿಗೆಗೆ ಕೊಡೋ ಪಿ.ಜಿ. ಕಟ್ಟಿ ಎರಡು ವರ್ಷವಾಗಿದೆ. ಈಗ ಉಳಿದರ್ಧ ಕೆಡವುವಾಗ ಅಟ್ಟದ ಮೇಲಿದ್ದದ್ದನ್ನೆಲ್ಲ ಮೊಮ್ಮಗನ ಹೆಂಡತಿ ಗುಜರಿಗೆ ಹಾಕಿದ್ದಾಳೆ. ಅದರಲ್ಲಿ ಆ ನೀಲಿ ಮಣಿಯ ಸರವೂ ಹೋಗಿದೆ.

"ಅವಳದ್ದೇನ್ ತಪ್ಪಿಲ್ಲ. ಪೇಟೇಲಿ ಬೆಳ್ದೋಳು, ಅವಳಿಗೇನ್ ಗೊತ್ತು? ನಾನೇ ಯೋಳ್ಬೇಕಿತ್ತು. ಗುಜ್ರಿಯೋನ್ ತಾವ ಓಗಿ ಕುಂತೆ. ಇಲ್ಲಿಗ್ ಕಳಿಸ್ದ."

ನನಗೆ ಪಾಪ ಅನ್ನಿಸಿತು. ಮದುವೆಯ ಮಣಿ, ನಾನು ಬರೆದದ್ದೇ ನಿಜವಾಗಿಬಿಟ್ಟಿತಲ್ಲ ಅಂತ ಒಳಗೊಳಗೆ ಬೆರಗೂ ಆಯಿತು. ಅಷ್ಟರಲ್ಲಿ ಅಕ್ಕ, ಮೇಜಿನ ಮೇಲಿದ್ದ ಒಂದು ಕಾರ್ಡನ್ನು ಕನ್ನಡಕದ ಹತ್ತಿರ ಹಿಡಿದು, ಸ್ಕೂಲಿನಲ್ಲಿ ಪಾಠ ಓದುವಂತೆ ಜೋರಾಗಿ ಓದಿದಳು: "ಅಜ್ಜಿಯೊಬ್ಬರು ತಮ್ಮ ಮದುವೆಯ ದಿನ ತೊಟ್ಟು..."

"ಯಾರ್ ಮದ್ವೆ?" ಅಂದರು ಅಜ್ಜಿ.

"ನಿಮ್ಮದಲ್ವಾ?" ಅಂದೆ.

"ನನ್ ಮದ್ವೇಗ್ಯಾಕವ್ವ ಅದನ್ ಆಕ್ತಾರೆ? ಅದು ಕರುಂದು. ಹಸಿನ್ ಕರುಂದು."

ಅಕ್ಕ ಕಾರ್ಡನ್ನು ಮೆಲ್ಲಗೆ ಮಗುಚಿಟ್ಟಳು.

ಅಜ್ಜಿಯ ಅತ್ತೆಯ ಕಾಲದಿಂದಲೂ ಆ ಮನೆಯಲ್ಲಿ ಹಸು ಕರು ಹಾಕಿದರೆ, ಹನ್ನೊಂದನೇ ದಿನ ಮೈ ತೊಳೆದು ಆ ಸರ ಕಟ್ಟುತ್ತಿದ್ದರಂತೆ. ದೃಷ್ಟಿ ತಾಕದಿರಲಿ ಅಂತ. ಕರು ದೊಡ್ಡದಾದ ಮೇಲೆ ಬಿಚ್ಚಿ ಅಟ್ಟಕ್ಕೆ. ಹೊಲವೆಲ್ಲ ಸೈಟಾಗಿ ಹೋದ ಮೇಲೂ ಒಂದು ಹಸು ಉಳಿದಿದೆ, ಪಿ.ಜಿ. ಪಕ್ಕದ ಮೂಲೆಯಲ್ಲಿ ಶೀಟು ಹಾಕಿದ ಕೊಟ್ಟಿಗೆಯಲ್ಲಿ. ಈಗ ಅದು ತುಂಬುಗಬ್ಬ. ಅಂದರೆ ನಾನು ಸವೆತ ಅಂದುಕೊಂಡ ತೂತು ಹುಟ್ಟಿನಿಂದಲೇ ಅಗಲ, ಹಗ್ಗ ಹೋಗಲಿ ಅಂತ ಬಿಟ್ಟದ್ದು. ತಲೆಗೆಣ್ಣೆ ಅಂದುಕೊಂಡ ವಾಸನೆ ಕೊಟ್ಟಿಗೆಯದು.

"ಅಜ್ಜಿ, ಅದನ್ನ ನಾನು ಬಿಡಿಸಿಬಿಟ್ಟಿದ್ದೀನಿ. ಬೇರೆ ಬೇರೆಯವರಿಗೆ ಮಾರಿ ಆಯ್ತು" ಅಂದೆ. ಉಳಿದಿದ್ದ ಒಂಬತ್ತು ಮಣಿಗಳನ್ನು ತಂದು ಮುಂದಿಟ್ಟೆ.

ಅವರು ಒಂದೊಂದನ್ನೇ ಬೆರಳಲ್ಲಿ ಹೊರಳಿಸಿ ನೋಡಿದರು. ಕಣ್ಣು ಅಷ್ಟು ಕಾಣುತ್ತಿರಲಿಲ್ಲ ಅನ್ನಿಸುತ್ತದೆ. ಬೈಯುತ್ತಾರೆ ಅಂತ ಕಾದೆ. ಅಳುತ್ತಾರೆ ಅಂತಲೂ ಕಾದೆ. ಅಜ್ಜಿ, ಪಕ್ಕದ ಮನೆಯವರು ಕಡ ಒಯ್ದ ಒನಕೆಯನ್ನು ವಾಪಸು ಕೇಳುವ ಹಾಗೆ, "ಯಾವಾಗ್ ಕೊಡ್ತೀಯ?" ಅಂದರು.

"ಹದಿನೈದು ದಿನ ಬೇಕು" ಅಂತ ಅಂದುಬಿಟ್ಟೆ.

ಅವರನ್ನು ಬಸ್ ಸ್ಟಾಪಿನ ತನಕ ಬಿಟ್ಟು ಬಂದಾಗ ಅಕ್ಕ ಕೇಳಿದಳು, "ಯಾಕೆ ಒಪ್ಕೊಂಡೆ? ಗುಜರೀಲಿ ತಗೊಂಡಿದ್ದು ತಾನೆ? ಕದ್ದಿಲ್ವಲ್ಲ."

"ಗೊತ್ತಿಲ್ಲ ಕಣೆ" ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಇಲ್ಲ ಅನ್ನುವುದಕ್ಕೆ ಬೇಕಾದಷ್ಟು ಶಕ್ತಿ ಅವತ್ತು ಇರಲಿಲ್ಲ ಅಂತ ಕಾಣುತ್ತದೆ. ಒಪ್ಪಿಕೊಂಡ ಮೇಲೆ ಎಷ್ಟು ಶಕ್ತಿ ಬೇಕಾಗುತ್ತದೆ ಅನ್ನುವ ಲೆಕ್ಕ ಹಾಕಿರಲಿಲ್ಲ.

ಬಟ್ಟೆ ಅಂಗಡಿಯಲ್ಲಿಟ್ಟಿದ್ದ ಎರಡು ಜೊತೆ ಇನ್ನೂ ಹೋಗಿರಲಿಲ್ಲ. ಯಾವಾಗಲೂ ಹೋಗದ ಮಾಲಿನ ಬಗ್ಗೆ ಬೇಜಾರು ಪಡುತ್ತಿದ್ದವಳು ಅವತ್ತು ಮಾತ್ರ ಹಗುರಾದೆ. ಮಾರಿದ್ದರಲ್ಲಿ ಎರಡು ಜೊತೆ ಪ್ರದರ್ಶನದಲ್ಲಿ ಯಾರೋ ಅಪರಿಚಿತರು ಕೊಂಡದ್ದು. ಅವರ ನಂಬರೂ ಇಲ್ಲ, ಮುಖವೂ ನೆನಪಿಲ್ಲ. ಅವನ್ನು ಬಿಟ್ಟೆ. ಉಳಿದವರಿಗೆ ಮೆಸೇಜು ಹಾಕಿದೆ: "ನೀವು ತಗೊಂಡ ನೀಲಿ ಮಣಿಗಳು ವಾಪಸು ಬೇಕಾಗಿವೆ. ಬದಲಿಗೆ ನಿಮಗೆ ಇಷ್ಟವಾದ ಬೇರೆ ಏನನ್ನಾದರೂ ಕೊಡುತ್ತೇನೆ." ಕಾರಣ ಬರೆಯಲಿಲ್ಲ. ಬರೆಯಲು ನಾಚಿಕೆ.

ಜಯನಗರದ ನಾಲ್ಕನೇ ಬ್ಲಾಕಿನ ಒಬ್ಬ ಗೃಹಿಣಿ ಎರಡು ಜೊತೆ ತಗೊಂಡಿದ್ದರು, ಒಂದು ತನಗೆ, ಒಂದು ಮಗಳಿಗೆ. ನನ್ನ ಹಳೇ ಗಿರಾಕಿ. ಅವರ ಮನೆಗೆ ಹೋದರೆ ಯಾವಾಗಲೂ ಕಾಫಿ, ಕೋಡುಬಳೆ. ಅವತ್ತೂ ಕೊಟ್ಟರು. ಕಾರಣ ಕೇಳಿದರು. ಹೇಳಿದೆ. ಅವರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ದನದ್ದಾ?"

"ಕರುವಿನದು" ಅಂದೆ, ಅದರಿಂದ ಏನೋ ವ್ಯತ್ಯಾಸವಾಗುತ್ತದೆ ಅನ್ನುವ ಹಾಗೆ.

"ನನ್ನ ಮಗಳು ಇದನ್ನ ಹಾಕ್ಕೊಂಡು ನಿಶ್ಚಿತಾರ್ಥಕ್ಕೆ ಹೋಗಿದ್ಲು ರೀ. ಬೀಗರಿಗೆಲ್ಲ ನಿಮ್ಮ ಕಾರ್ಡು ತೋರ್ಸಿದ್ವಿ!"

ಒಳಗೆ ಹೋಗಿ ಎರಡು ಜೊತೆಯನ್ನೂ ಪೇಪರ್ ನ್ಯಾಪ್ಕಿನ್‌ನಲ್ಲಿ ಹಿಡಿದು ತಂದು ಟೀಪಾಯಿಯ ಮೇಲಿಟ್ಟರು. ಬದಲಿಗೆ ತಂದಿದ್ದ ಓಲೆಗಳನ್ನು ನೋಡಲೂ ಇಲ್ಲ. "ಬೇಡ ಬಿಡಿ. ನಿಮ್ಮದು ಉಳಿದದ್ದೆಲ್ಲ ಏನೇನೋ ಯಾರಿಗೆ ಗೊತ್ತು" ಅಂದರು. ನಾನು ಕ್ಷಮೆ ಕೇಳಿದೆ. ಅವರು ತಪ್ಪು ಹೇಳಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಬಾಗಿಲ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ, ಒಳಗೆ ಅವರು ಕೈ ತೊಳೆಯುವ ನೀರಿನ ಸದ್ದು ಕೇಳಿಸಿತು. ಆ ಮನೆಗೆ ಮತ್ತೆ ಹೋಗಿಲ್ಲ.

ಜೆ.ಪಿ. ನಗರದ ಬ್ಯಾಂಕ್ ಉದ್ಯೋಗಿಯೊಬ್ಬರು ಏನೂ ಕೇಳದೆ, ಕೌಂಟರಿನ ಹಿಂದಿನಿಂದಲೇ ಓಲೆಯನ್ನು ಕಿವಿಯಿಂದ ಬಿಚ್ಚಿ ಕೊಟ್ಟರು. "ತುಂಬಾ ಭಾರ ಇತ್ತು ಮೇಡಂ, ಹೇಳೋಕೆ ಸಂಕೋಚ ಆಗಿತ್ತು" ಅಂದರು.

ಸರ ಇದ್ದದ್ದು ಅರೆಕೆರೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ನಾಲ್ಕು ವರ್ಷದ ಮಗಳಿರುವ ಒಬ್ಬ ತಾಯಿ. ಬಾಗಿಲು ತೆಗೆದ ಕೂಡಲೇ, "ಆಂಟಿ, ಒಂದು ಪ್ರಾಬ್ಲಂ ಆಗಿದೆ" ಅಂದಳು. ಸರ ಹರಿದಿತ್ತು. ಮಗಳು ಎಳೆದಿದ್ದಳು. ಮಣಿಗಳು ಕ್ರೇಯಾನ್ ಡಬ್ಬಿಯಲ್ಲಿ, ಆಟದ ಕುಕ್ಕರಿನಲ್ಲಿ, ಇನ್ನೂ ಕೆಲವು ಎಲ್ಲೆಂದು ದೇವರಿಗೇ ಗೊತ್ತು. ನಾನೂ ಅವಳೂ ನೆಲದ ಮೇಲೆ ಮಲಗಿ, ಸೋಫಾದ ಕೆಳಗೆ ಪೊರಕೆಯ ಹಿಡಿಯಿಂದ ಕೆದಕಿದೆವು. ಧೂಳು, ಒಂದು ಸಾಕ್ಸು, ಒಣಗಿದ ದ್ರಾಕ್ಷಿ, ಆಮೇಲೆ ಒಂದು ನೀಲಿ. ಮಗು ನಮ್ಮ ಪಕ್ಕದಲ್ಲೇ ಬೋರಲಾಗಿ ಮಲಗಿ, ಒಂದೊಂದು ಸಿಕ್ಕಾಗಲೂ ಚಪ್ಪಾಳೆ ತಟ್ಟುತ್ತಿತ್ತು. ಕುಕ್ಕರಿನಲ್ಲಿದ್ದ ಮಣಿಗಳನ್ನು ಕೊಡಲು ಒಪ್ಪಲಿಲ್ಲ, ಅದು ಸಾರಂತೆ, ಇನ್ನೂ ಬೆಂದಿಲ್ಲವಂತೆ.

"ಒಂದು ಕರು ಹುಟ್ಟುತ್ತೆ ಪುಟ್ಟಿ. ಇದು ಅದರ ಸರ" ಅಂದೆ.

ಮಗು ಸ್ವಲ್ಪ ಯೋಚಿಸಿ, ಕುಕ್ಕರನ್ನೇ ನನ್ನ ಮಡಿಲಿಗೆ ಬಗ್ಗಿಸಿತು. ಮಣಿಯೊಂದರ ಬಗ್ಗೆ ನಾನು ನಾಚದೆ ಹೇಳಿದ ಮೊದಲ ನಿಜವಾದ ಕಥೆ ಅದೇ ಇರಬೇಕು. ಹದಿಮೂರು ಸಿಕ್ಕಿದವು. ಇನ್ನೆರಡು ಸಿಗಲೇ ಇಲ್ಲ. ಏಳಲು ಹೋದಾಗ ಸೊಂಟ ಹಿಡಿದುಕೊಂಡು, ಆ ತಾಯಿಯೇ ಕೈಕೊಟ್ಟು ಎಬ್ಬಿಸಬೇಕಾಯಿತು.

ಕೊನೆಯದು ಬಿ.ಟಿ.ಎಂ. ಲೇಔಟ್. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಒಂದು ಜಾಹೀರಾತು ಕಂಪನಿಯಲ್ಲಿ ಕೆಲಸ. ಟೀ ಅಂಗಡಿಯ ಮುಂದೆ ಸಿಕ್ಕಳು. ಓಲೆ ಕಿವಿಯಲ್ಲೇ ಇತ್ತು, ಆ ನೀಲಿ ಅವಳ ಕಪ್ಪು ಕೆನ್ನೆಗೆ ಎಷ್ಟು ಒಪ್ಪುತ್ತಿತ್ತೆಂದರೆ ನನಗೇ ಕೇಳಲು ಮನಸ್ಸು ಬರಲಿಲ್ಲ. ವಿಷಯ ಹೇಳಿದೆ. ಅವಳು ರಸ್ತೆಯಲ್ಲಿ ಹೋಗುವವರೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು.

"ಹಸುದಾ? ಸೀರಿಯಸ್ಲಿ? ಸಖತ್ ಮೇಡಂ! ಆ ಮದುವೆ ಅಜ್ಜಿ ಕಥೆಗಿಂತ ಇದೇ ಚೆನ್ನಾಗಿದೆ."

"ಹಾಗಾದ್ರೆ ಕೊಡ್ತೀಯೇನಮ್ಮ?"

"ಈಗಂತೂ ಕೊಡಲ್ಲ!" ಅಂದಳು. ನಾನು ತಂದಿದ್ದ ಬೇರೆ ಓಲೆಗಳನ್ನು ನೋಡಿ ಹೊಗಳಿದಳು, ಆದರೆ ಮುಟ್ಟಲಿಲ್ಲ. ಎರಡನೇ ಸಲ ಕೇಳಿದಾಗ ನಗು ಇಳಿಯಿತು. "ಮೇಡಂ, ತಪ್ಪು ತಿಳ್ಕೋಬೇಡಿ. ನಾನೇನೂ ಕದ್ದಿಲ್ಲ ಅಲ್ವಾ? ನೀವು ಮಾರಿದ್ರಿ, ನಾನು ತಗೊಂಡೆ."

ಅಕ್ಕ ಹೇಳಿದ್ದ ಮಾತೇ. ತಂದಿದ್ದ ಓಲೆಗಳನ್ನು ಚೀಲಕ್ಕೆ ಹಾಕಿಕೊಂಡೆ. ಆ ಹುಡುಗಿ ಟೀ ಕುಡಿಸಿ, ಆಟೋ ಹತ್ತಿಸಿ ಕಳಿಸಿದಳು. ಒಳ್ಳೆಯ ಹುಡುಗಿಯೇ.

ಹೀಗೆ ಮೂವತ್ತೆರಡು ಸೇರಿದವು. ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತೆ. ಓಲೆಗಳ ಕೊಕ್ಕೆ ಬಿಚ್ಚಬೇಕು, ತಂತಿಯ ಸುರುಳಿ ಕತ್ತರಿಸಬೇಕು. ನಾನೇ ಬಿಗಿಯಾಗಿ ಸುತ್ತಿದ್ದ ತಂತಿ. ಎರಡು ಓಲೆಯಾಗುವಷ್ಟರಲ್ಲಿ ಹೆಬ್ಬೆರಳು ನಿಂತುಹೋಯಿತು. ಅಕ್ಕ ಬಂದು ಇಕ್ಕಳ ಕಸಿದುಕೊಂಡಳು. ಜೀವಮಾನದಲ್ಲಿ ನನ್ನ ಕೆಲಸಕ್ಕೆ ಕೈಹಾಕದವಳು, ಮಿಕ್ಕದ್ದನ್ನೆಲ್ಲ ತಾನೇ ಬಿಚ್ಚಿದಳು, ಒಂದೊಂದಕ್ಕೂ ಒಂದೊಂದು ಸಲ ನನ್ನನ್ನು ಬೈಯುತ್ತಾ.

"ಎಂಟು ಕಮ್ಮಿ. ನಿನ್ನ ಡಬ್ಬೀಲಿ ಇಂಥದ್ದೇ ನೀಲಿ ಹೊಸ ಮಣಿ ಇದ್ಯಲ್ಲ, ಸೇರಿಸು. ಅವರಿಗೆ ಕಣ್ಣು ಬೇರೆ ಕಾಣಲ್ಲ" ಅಂದಳು.

ಸೇರಿಸಿಯೂ ನೋಡಿದೆ. ಹೊಸವು ಗುಂಡಗೆ, ನುಣ್ಣಗೆ, ಒಂದರ ಪಕ್ಕ ಒಂದು ನಿಂತರೆ ಸಮವಸ್ತ್ರ ಹಾಕಿದ ಮಕ್ಕಳ ಹಾಗಿದ್ದವು. ಸುಮಾರು ಹೊತ್ತು ನೋಡಿ ತೆಗೆದುಬಿಟ್ಟೆ. ಒಳ್ಳೆಯತನಕ್ಕೆ ಅಂತ ಹೇಳಲಾರೆ. ಇನ್ನೊಂದು ಸುಳ್ಳನ್ನು ನೆನಪಿಟ್ಟುಕೊಂಡು ಓಡಾಡುವುದು ಸಾಕಾಗಿತ್ತು. ದಪ್ಪ ಹತ್ತಿ ಹುರಿ ತಂದು ಮೂವತ್ತೆರಡನ್ನೇ ಪೋಣಿಸಿದೆ.

ಹದಿನೈದು ದಿನ ಅಂದದ್ದು ಇಪ್ಪತ್ತಾಯಿತು. ಅಜ್ಜಿ ಕೊಟ್ಟು ಹೋಗಿದ್ದ ಮೊಮ್ಮಗನ ನಂಬರಿಗೆ ಫೋನ್ ಮಾಡಿದಾಗ, ಕರು ಹುಟ್ಟಿ ಹತ್ತು ದಿನವಾಯಿತು, ನಾಳೆ ಬೆಳಿಗ್ಗೆ ಬನ್ನಿ ಅಂದರು. ಬನಶಂಕರಿಯಲ್ಲಿ ಬಸ್ಸು ಬದಲಾಯಿಸಿ ಗೊಟ್ಟಿಗೆರೆಯಲ್ಲಿ ಇಳಿದೆ. ನಾಲ್ಕು ಮಹಡಿಯ ಕಟ್ಟಡ, ಪ್ರತಿ ಬಾಲ್ಕನಿಯಲ್ಲೂ ಒಣಹಾಕಿದ ಜೀನ್ಸು. ಪಕ್ಕದಲ್ಲಿ, ಬೈಕುಗಳ ಸಾಲಿನ ಹಿಂದೆ, ಶೀಟಿನ ಕೊಟ್ಟಿಗೆ. ಕೆಂದು ಬಣ್ಣದ ಹೆಣ್ಣುಗರು, ಹಣೆಯಲ್ಲಿ ಬೆರಳಿನ ಗುರುತಿನಷ್ಟು ಬಿಳಿ. ಆಗತಾನೆ ಮೈ ತೊಳೆದಿದ್ದರು, ನಡುಗುತ್ತಾ ನಿಂತಿತ್ತು.

ಮೊಮ್ಮಗನ ಹೆಂಡತಿ ಓಡಿಬಂದು ಕುರ್ಚಿ ಹಾಕಿದಳು. "ಸಾರಿ ಆಂಟಿ, ನನ್ನಿಂದ ನಿಮಗೆ ಎಷ್ಟು ತೊಂದ್ರೆ" ಅಂದಳು, ಕಣ್ಣು ತಪ್ಪಿಸುತ್ತಾ. ಪಾಪ, ಅವಳಿಗೆ ಈ ಇಪ್ಪತ್ತು ದಿನ ಹೇಗೆ ಕಳೆದಿರಬಹುದು ಅನ್ನಿಸಿತು.

ಅಜ್ಜಿ ಸರವನ್ನು ತೆಗೆದುಕೊಂಡು ಎಣಿಸಲು ಶುರುಮಾಡಿದರು. ಕಣ್ಣಿನಿಂದಲ್ಲ, ಜಪದ ಹಾಗೆ ಬೆರಳಿನಿಂದ. ಒಂದು ಇಪ್ಪತ್ತು ಆಯಿತು. ಎರಡನೇ ಇಪ್ಪತ್ತು ಆಗಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದರು. ನಾನು ಬಾಯಿ ತೆಗೆಯುವ ಮೊದಲೇ, "ಎಂಟು ಕಮ್ಮಿ ಅವೆ" ಅಂದರು.

"ಹೌದಜ್ಜಿ. ಸಿಗಲಿಲ್ಲ. ಹುಡುಕಿದೆ" ಅಂದೆ. ಎಲ್ಲೆಲ್ಲಿ ಹುಡುಕಿದೆ ಅಂತಲೂ ಹೇಳಿದೆ, ಸೋಫಾ, ಕುಕ್ಕರು, ಬಿ.ಟಿ.ಎಂ. ಹುಡುಗಿಯ ಕಿವಿ.

"ಕಿವೀಗಾ? ಪ್ಯಾಟೆಯೋರು ಇದನ್ನ ಕಿವೀಗ್ ಆಕ್ಕೊಂಡ್ರಾ?"

"ಹಾಕ್ಕೊಂಡ್ರು ಅಜ್ಜಿ. ಒಬ್ಬರು ನಿಶ್ಚಿತಾರ್ಥಕ್ಕೂ ಹಾಕ್ಕೊಂಡ್ರು."

ಅವರು ನಗಲು ಶುರುಮಾಡಿದರು. ನಕ್ಕು ನಕ್ಕು ಕೆಮ್ಮು ಬಂತು, ಎಲೆಅಡಿಕೆ ಉಗಿದು ಮತ್ತೆ ನಕ್ಕರು. ಮೊಮ್ಮಗನ ಹೆಂಡತಿಯೂ ಸೆರಗು ಬಾಯಿಗೆ ಒತ್ತಿಕೊಂಡಳು. ಎಷ್ಟೋ ವಾರಗಳ ಮೇಲೆ ನನಗೂ ನಗು ಬಂತು. ಬಂದದ್ದು ಬೇಗ ನಿಲ್ಲಲಿಲ್ಲ.

ಕೊನೆಗೆ ಅಜ್ಜಿ ಕಣ್ಣೊರೆಸಿಕೊಂಡು ಸರವನ್ನು ಕರುವಿನ ಕೊರಳಿಗೆ ಹಿಡಿದು ನೋಡಿದರು. "ಬುಡು. ಕರುನ್ ಕತ್ತು ಚಿಕ್ದು. ಇಷ್ಟ್ ಸಾಕು" ಅಂದರು. ಹುರಿಯ ಎರಡು ತುದಿ ಸೇರಿಸಿ ಗಂಟು ಹಾಕಿದರು. ಗಂಟು ಹಾಕುವಾಗ ಅವರ ಹೆಬ್ಬೆರಳೂ ಸರಿಯಾಗಿ ಮಡಿಯುತ್ತಿರಲಿಲ್ಲ ಅನ್ನುವುದನ್ನು ನೋಡಿದೆ. ಕರು ತಲೆ ಕೊಡವಿತು. ಕಿವಿಗೆ ತೂಗಿದಾಗ ಕೇಳಿಸದ ಸದ್ದೊಂದು ಆ ಮಣಿಗಳಿಂದ ಬಂತು, ಒಂದಕ್ಕೊಂದು ತಾಗಿ, ಗಟ್ಟಿಯಾಗಿ, ಸ್ಟೀಲ್ ಡಬ್ಬಿಯಲ್ಲಿ ಹುಣಸೆಬೀಜ ಅಲ್ಲಾಡಿಸಿದ ಹಾಗೆ. ಅವು ಇದ್ದದ್ದೇ ಅದಕ್ಕೆ ಅಂತ ಕಾಣುತ್ತದೆ. ಕರು ಎಲ್ಲಿದೆ ಅಂತ ಒಳಗಿನಿಂದಲೇ ಗೊತ್ತಾಗಲಿ ಅಂತ.

ಅಜ್ಜಿ ಧನ್ಯವಾದ ಅಂತೇನೂ ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ. ಹೊರಡುವಾಗ ಒಂದು ಸ್ಟೀಲ್ ಡಬ್ಬಿ ತುಂಬ ಗಿಣ್ಣು ಕೊಟ್ಟರು. ಫ್ರಿಜ್ಜಿನಲ್ಲಿಟ್ಟಿದ್ದ ಮೊದಲ ದಿನಗಳ ಹಾಲಿನಲ್ಲಿ, ಬೆಲ್ಲ ಏಲಕ್ಕಿ ಹಾಕಿ ಬೆಳಿಗ್ಗೆ ಮಾಡಿದ್ದು. "ಡಬ್ಬಿ ವಾಪಸ್ ಕೊಡಾಕ್ ಬರ್ಬೇಡ, ಮಡೀಕೋ" ಅಂದರು. ಮಧ್ಯಾಹ್ನ ನಾನೂ ಅಕ್ಕನೂ ಅದನ್ನು ಚಮಚದಲ್ಲಿ ಕೆರೆದು ಕೆರೆದು ತಿಂದೆವು. ಆಮೇಲೆ ನಾನು ಮಲಗಿ, ಸಂಜೆ ಐದರವರೆಗೆ ಏಳಲಿಲ್ಲ. ಹಾಗೆ ನಿದ್ದೆ ಬಂದು ವರ್ಷವೇ ಆಗಿತ್ತೇನೋ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ವಾರ ಫೋನಿನಲ್ಲಿ ಮೆಸೇಜುಗಳ ಸಾಲು. ಬಿ.ಟಿ.ಎಂ. ಹುಡುಗಿ ತನ್ನ ಕಿವಿಯ ಫೋಟೋ ಹಾಕಿ, ಕರುವಿನ ಕಥೆಯನ್ನು ಬರೆದಿದ್ದಳಂತೆ. "ಹಸುವಿನ ಮಣಿ ಓಲೆ ಇದೆಯಾ?" "ಒರಿಜಿನಲ್ ಕೊಟ್ಟಿಗೆ ಮಣಿ ಬೇಕು." ಒಬ್ಬರು, "ಗಂಟೆ ಇದ್ದರೂ ಆಗುತ್ತೆ, ಪೆಂಡೆಂಟ್ ಮಾಡಿಕೊಡಿ" ಅಂದಿದ್ದರು. ಇಷ್ಟು ವರ್ಷ ಬರೆದ ಯಾವ ಕಾರ್ಡಿಗೂ ಇಷ್ಟು ಜನ ಬಂದಿರಲಿಲ್ಲ. ಎಲ್ಲರಿಗೂ ಇಲ್ಲ ಅಂತ ಬರೆದು ಬರೆದು ಹೆಬ್ಬೆರಳು ಇನ್ನಷ್ಟು ನೋಯಿತು. ಜಯನಗರದವರಿಗೂ ಒಂದು ಪತ್ರ ಬರೆದೆ, ಕಾರ್ಡಿನ ಕಥೆಗಳೆಲ್ಲ ನಾನೇ ಕಟ್ಟಿದ್ದು ಅಂತ. ಉತ್ತರ ಬರಲಿಲ್ಲ. ಹಳೇ ಕಾರ್ಡುಗಳನ್ನು ಅಕ್ಕ ಅಂಗಡಿ ಸಾಮಾನಿನ ಪಟ್ಟಿ ಬರೆಯಲು ತೆಗೆದುಕೊಂಡಳು. ಕಾರ್ಡಿಲ್ಲದೆ ಮಾಲು ನಿಧಾನವಾಗಿ ಹೋಗುತ್ತಿದೆ. ಯಾರಾದರೂ ಹಿಸ್ಟರಿ ಕೇಳಿದರೆ, "ಗೊತ್ತಿಲ್ಲ ಮೇಡಂ, ಗುಜರಿಯಲ್ಲಿ ಸಿಕ್ಕಿತು" ಅನ್ನುತ್ತೇನೆ. ಅರ್ಧ ಜನ ಇಟ್ಟು ಹೋಗುತ್ತಾರೆ.

ಮೊನ್ನೆ ಗುಜರಿಯವರು ಮತ್ತೆ ಫೋನ್ ಮಾಡಿದರು. ಒಂದು ಹಳೇ ಮನೆಯ ಪೆಟ್ಟಿಗೆ ಬಂದಿದೆ, ಒಳ್ಳೊಳ್ಳೆ ಸರಗಳಿವೆ ಅಂದರು. ಹೋದೆ. ಕೆಂಪು ಕಲ್ಲಿನದೊಂದು, ಹವಳದ್ದೊಂದು. ಕೈಗೆತ್ತಿಕೊಂಡು ಕೇಳಿದೆ, "ಇದು ಯಾರ ಮನೆಯದು? ಕೊಟ್ಟಿದ್ದು ಮನೆಯವರಿಗೆಲ್ಲ ಗೊತ್ತಾ?"

ಅವರು ತಕ್ಕಡಿಯಿಂದ ತಲೆ ಎತ್ತಿ ನೋಡಿದರು. "ಮೇಡಂ, ಹಂಗೆಲ್ಲ ಕೇಳ್ತಾ ಕೂತ್ರೆ ನಾನು ಅಂಗಡಿ ಬಾಗಿಲು ಹಾಕ್ಬೇಕು. ನೀವೂ ಹಾಕ್ಬೇಕು."

ಅವರು ಹೇಳಿದ್ದು ಸರಿಯೇ. ಸರಗಳನ್ನು ಪೆಟ್ಟಿಗೆಗೆ ವಾಪಸು ಇಟ್ಟೆ. ಅದರ ಪಕ್ಕದಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಹಳೇ ಗುಂಡಿಗಳಿದ್ದವು, ಕೋಟಿನದು, ಕುಪ್ಪಸದ್ದು, ಮಕ್ಕಳ ಚಡ್ಡಿಯದು. ಅದನ್ನು ತೆಗೆದುಕೊಂಡೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಗುಂಡಿ ಕೇಳಿಕೊಂಡು ಯಾರೂ ಬರಲಾರರು ಅಂದುಕೊಂಡೆ. ಬಂದರೂ ಬರಬಹುದು. ಹೇಳಕ್ಕಾಗಲ್ಲ.